ದಂತವಿಮೆಯೂ ರಿಯಾಯಿತಿ ಯೋಜನೆಯೂ: ಅಮೆರಿಕದ ಅನುಭವದ ಒಂದು ಚಾರಿತ್ರಿಕ ವಿಮರ್ಶೆ

ಹಲ್ಲಿನ ಚಿಕಿತ್ಸೆಗೆಂದು ತಿಂಗಳು ತಿಂಗಳೂ ವಿಮಾಕಂತನ್ನು ಕಟ್ಟುವುದು ಲಾಭಕರವೋ, ವರ್ಷಕ್ಕೊಮ್ಮೆ ಅಲ್ಪ ಚಂದಾ ತೆತ್ತು ರಿಯಾಯಿತಿ ಪತ್ರವೊಂದನ್ನು ಇಟ್ಟುಕೊಳ್ಳುವುದು ಲಾಭಕರವೋ ಎಂಬ ಪ್ರಶ್ನೆಯು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಈಗ ಮನೆಮನೆಯಲ್ಲಿಯೂ ಏಳುತ್ತಿರುವ ಪ್ರಶ್ನೆಯಾಗಿದೆ. ಅಲ್ಲಿ ನೆಲಸಿರುವ ಕನ್ನಡಿಗರೂ ಇದಕ್ಕೆ ಹೊರತಲ್ಲ. ಊರಿನಿಂದ ಬಂದ ವೃದ್ಧ ತಂದೆತಾಯಿಗಳ ಹಲ್ಲುನೋವು ಅನೇಕರಿಗೆ ಈ ಲೆಕ್ಕವನ್ನು ಕಲಿಸಿದೆ. ಮೇಲ್ನೋಟಕ್ಕೆ ಇದು ಅಂಗಡಿಯ ಲೆಕ್ಕ, ಚರಿತ್ರಕಾರನಿಗೆ ಇದರಲ್ಲಿ ಕೆಲಸವಿಲ್ಲವೆಂದು ತೋರಬಹುದು. ಪರಂತು ನಾವು ಈ ವಿಷಯವನ್ನು ಪರಿಶೀಲಿಸುತ್ತ ಹೋದಂತೆ, ತಕ್ಕಡಿಯ ಎರಡು ತಟ್ಟೆಗಳಲ್ಲಿ ಇರುವ ವಸ್ತುಗಳು ಏನೆಂಬುದನ್ನು ಅವುಗಳ ಹುಟ್ಟನ್ನು ತಿಳಿಯದೆ ನಿರ್ಣಯಿಸುವುದು ಸಾಧ್ಯವಿಲ್ಲವೆಂಬುದು ನಮಗೆ ಮನದಟ್ಟಾಯಿತು. ವಿಮೆಯೆಂಬ ಹೆಸರಿನಿಂದ ಅಲ್ಲಿ ಮಾರಾಟವಾಗುತ್ತಿರುವುದರಲ್ಲಿ ವಿಮೆಯ ಅಂಶ ಅಲ್ಪವೆಂದೂ, ಅದರೊಳಗೆ ರಿಯಾಯಿತಿಯೇ ಹೆಚ್ಚಾಗಿ ಅಡಗಿದೆಯೆಂದೂ, ಅದು ಹೀಗಾದುದಕ್ಕೆ ಕಾರಣವು ಅದರ ಜನ್ಮವೃತ್ತಾಂತದಲ್ಲಿಯೇ ಇದೆಯೆಂದೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ದಂತವೈದ್ಯವು ಅಮೆರಿಕದಲ್ಲಿ ಆದಿಯಿಂದಲೂ ವೈದ್ಯದಿಂದ ಬೇರೆಯಾಗಿ ಬೆಳೆದ ವೃತ್ತಿ. 1840ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಸ್ಥಾಪಿತವಾದ ದಂತವೈದ್ಯ ಕಾಲೇಜು ಪ್ರಪಂಚದಲ್ಲಿಯೇ ಆ ಬಗೆಯ ಮೊದಲನೆಯದು. ವೈದ್ಯಕೀಯ ಶಾಲೆಗಳ ಹೊರಗೆ ಅದು ನಿಂತಿತು, ಅದನ್ನು ಅನುಸರಿಸಿ ಬಂದ ವಿದ್ಯಾಲಯಗಳು, ಪರವಾನಗಿ ಮಂಡಲಿಗಳು, ವೃತ್ತಿಸಂಘಗಳು ಎಲ್ಲವೂ ಹೊರಗೇ ನಿಂತವು. ಆದಕಾರಣ ಮುಂದೆ ಆಸ್ಪತ್ರೆಯ ವೆಚ್ಚಕ್ಕೆ ವಿಮೆ ಹುಟ್ಟಿದಾಗ ಹಲ್ಲು ಅದರೊಳಗೆ ಸೇರಲಿಲ್ಲ. 1929ರಲ್ಲಿ ಡಲ್ಲಾಸ್ ನಗರದ ಬೇಲರ್ ವಿಶ್ವವಿದ್ಯಾನಿಲಯದ ಆಸ್ಪತ್ರೆಯು ಅಲ್ಲಿಯ ಉಪಾಧ್ಯಾಯರಿಂದ ತಿಂಗಳಿಗೆ 50 ಸೆಂಟು ಪಡೆದು, ಬೇಕಾದಾಗ ವರ್ಷಕ್ಕೆ 21 ದಿನಗಳ ಆಸ್ಪತ್ರೆವಾಸವನ್ನು ಕೊಡಲು ಒಪ್ಪಿತು. ಜಸ್ಟಿನ್ ಫೋರ್ಡ್ ಕಿಂಬಲ್ ಎಂಬಾತನು ಯೋಚಿಸಿದ ಈ ಏರ್ಪಾಡೇ ತರುವಾಯ ಬ್ಲೂ ಕ್ರಾಸ್ ಎಂಬ ಹೆಸರಿನಿಂದ ದೇಶವ್ಯಾಪಿಯಾಯಿತು. ಆಸ್ಪತ್ರೆಗೆ ಸೇರುವ ಪ್ರಸಂಗ ನೂರು ಜನರಲ್ಲಿ ಕೆಲವರಿಗೆ, ಅದೂ ಅನಿರೀಕ್ಷಿತವಾಗಿ ಬರುವಂಥದು. ಬಂದಾಗ ವೆಚ್ಚ ದೊಡ್ಡದು. ವಿಮೆಯ ಶಾಸ್ತ್ರೀಯ ಲಕ್ಷಣಗಳು ಇವೇ. ಹಲ್ಲಿನ ವಿಷಯ ಹಾಗಲ್ಲ. ಹುಳುಕು ಹಲ್ಲು ಆ ಕಾಲದಲ್ಲಿ ಸರ್ವಸಾಮಾನ್ಯ, ವೆಚ್ಚ ಮಧ್ಯಮ, ಬರುವುದು ಮುಂಚಿತವಾಗಿಯೇ ತಿಳಿಯುತ್ತದೆ, ನೋವು ತಡೆಯಬಹುದಾದರೆ ಚಿಕಿತ್ಸೆಯನ್ನು ಮುಂದಕ್ಕೆ ಹಾಕಬಹುದು. ಎಲ್ಲರ ಮನೆಗೂ ಬೆಂಕಿ ಬೀಳುವ ಊರಿನಲ್ಲಿ ಅಗ್ನಿವಿಮೆಯನ್ನು ಮಾರುವವರು ಯಾರು?

ಎಷ್ಟು ಸರ್ವಸಾಮಾನ್ಯವಾಗಿದ್ದಿತೆಂಬುದನ್ನು ಎರಡನೆಯ ಮಹಾಯುದ್ಧವು ಎಲ್ಲರ ಕಣ್ಣಿಗೂ ತೋರಿಸಿತು. ಸೈನ್ಯಕ್ಕೆ ಸೇರುವವನಿಗೆ ಒಂದಕ್ಕೊಂದು ಎದುರಾಗಿ ಕೂಡುವ 12 ಹಲ್ಲುಗಳಾದರೂ ಇರಬೇಕೆಂಬ ನಿಯಮ ಯುದ್ಧಾರಂಭದಲ್ಲಿ ಜಾರಿಯಲ್ಲಿದ್ದಿತು. 1941ರ ವೇಳೆಗೆ ತಿರಸ್ಕೃತರಾದ ತರುಣರ ಲೆಕ್ಕವನ್ನು ತೆಗೆದಾಗ ತಿರಸ್ಕಾರಕ್ಕೆ ಎಲ್ಲಕ್ಕಿಂತ ಹೆಚ್ಚಿನ ಕಾರಣ ಹಲ್ಲಿನ ದೋಷವೇ ಎಂದು ತಿಳಿದುಬಂದಿತು. ಕಡೆಗೆ ಸರ್ಕಾರವು ನಿಯಮವನ್ನೇ ಸಡಿಲಿಸಿ, ಹಲ್ಲಿಲ್ಲದವರನ್ನೂ ತೆಗೆದುಕೊಂಡು, ಸೈನ್ಯದ ವೆಚ್ಚದಲ್ಲಿಯೇ ಚಿಕಿತ್ಸೆ ಮಾಡಿಸಬೇಕಾಯಿತು. 1945ರಲ್ಲಿ ಮಿಷಿಗನ್ ಸಂಸ್ಥಾನದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ನೀರಿಗೆ ಫ್ಲೋರೈಡ್ ಬೆರೆಸಲಾರಂಭಿಸಿದ್ದು, 1948ರಲ್ಲಿ ದಂತ ಸಂಶೋಧನೆಗಾಗಿ ರಾಷ್ಟ್ರೀಯ ಸಂಸ್ಥೆಯೊಂದು ಏರ್ಪಟ್ಟದ್ದು, ಇವೆರಡೂ ಈ ಹಿನ್ನೆಲೆಯಲ್ಲಿ ನಡೆದವು. ಸೈನ್ಯದಲ್ಲಿ ಮೊತ್ತಮೊದಲ ಬಾರಿಗೆ ದಂತವೈದ್ಯನ ಕುರ್ಚಿಯಲ್ಲಿ ಕುಳಿತ ಲಕ್ಷಾಂತರ ಮಂದಿ ಯುದ್ಧಾನಂತರ ಕಾರ್ಖಾನೆಗಳಿಗೂ ಬಂದರುಗಳಿಗೂ ಮರಳಿದರೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

ಯುದ್ಧಕಾಲದ ಇನ್ನೊಂದು ಕ್ರಮವೂ ನಮ್ಮ ವಿಷಯಕ್ಕೆ ಮುಖ್ಯ. 1942ರಲ್ಲಿ ಕೂಲಿಯ ಏರಿಕೆಗೆ ಸರ್ಕಾರ ತಡೆ ಹಾಕಿತು. ಆದರೆ ಆರೋಗ್ಯ ವಿಮೆಯೇ ಮೊದಲಾದ ಉಪಸೌಲಭ್ಯಗಳು ಆ ತಡೆಗೆ ಒಳಪಡಲಿಲ್ಲ. ಕೂಲಿಯನ್ನು ಏರಿಸಲಾರದ ಧಣಿಗಳು ವಿಮೆಯನ್ನು ಕೊಟ್ಟು ಕೆಲಸಗಾರರನ್ನು ಸೆಳೆದರು. ಧಣಿಯು ಕಟ್ಟುವ ವಿಮಾಕಂತು ಕೆಲಸಗಾರನ ವರಮಾನವೆಂದು ಎಣಿಸಲ್ಪಡದು, ಅದರ ಮೇಲೆ ತೆರಿಗೆಯಿಲ್ಲ ಎಂಬುದನ್ನು 1954ರ ವರಮಾನ ತೆರಿಗೆ ಸಂಹಿತೆಯು ಸ್ಪಷ್ಟಪಡಿಸಿತು. ಕೈಗೆ ಬರುವ ಒಂದು ಡಾಲರಿನಲ್ಲಿ ತೆರಿಗೆ ಕಳೆದು ಉಳಿಯುವುದು ಒಂದು ಡಾಲರಿಗಿಂತ ಕಡಮೆ. ವಿಮೆಯ ರೂಪದಲ್ಲಿ ಬರುವ ಒಂದು ಡಾಲರು ಪೂರ್ತಿ ಒಂದು ಡಾಲರೇ. ದಂತವಿಮೆಯ ಬೆಲೆಯನ್ನು ತೂಗುವವರು ಈ ಅಂಶವನ್ನು ಮರೆತರೆ ಲೆಕ್ಕವೆಲ್ಲ ತಪ್ಪುತ್ತದೆ.

ಆ 1954ನೆಯ ವರ್ಷದಲ್ಲಿಯೇ ಪಶ್ಚಿಮ ತೀರದ ಬಂದರುಗಳಲ್ಲಿ ದಂತಚಿಕಿತ್ಸೆಯ ಮುಂಗಡ ಪಾವತಿಯ ಯೋಜನೆಯೊಂದು ತಲೆಯೆತ್ತಿತು. ಹಡಗಿನ ಸರಕನ್ನು ಏರಿಸಿ ಇಳಿಸುವ ಈ ಕೂಲಿಗಾರರ ಪೂರ್ವಚರಿತ್ರೆ ಸಾಧಾರಣವಾದುದಲ್ಲ. ದಿನಬೆಳಗಾದರೆ ಬಂದರಿನ ಬಾಗಿಲಲ್ಲಿ ಗುಂಪಾಗಿ ನಿಂತು ಮೇಸ್ತ್ರಿಯ ದಯೆಗಾಗಿ ಕಾಯಬೇಕಾಗಿದ್ದ ಅವರು 1934ರಲ್ಲಿ 83 ದಿನಗಳ ಮುಷ್ಕರ ಹೂಡಿದರು; ಜುಲೈ 5ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಹ್ಯಾರಿ ಬ್ರಿಜಸ್‌ನ ಮುಂದಾಳುತನದಲ್ಲಿ 1937ರಲ್ಲಿ ಅವರ ಸ್ವತಂತ್ರ ಸಂಘ ಸ್ಥಾಪನೆಯಾಯಿತು. ಯುದ್ಧಾನಂತರ ಈ ಸಂಘವೂ ಹಡಗಿನ ಧಣಿಗಳ ಪೆಸಿಫಿಕ್ ಮ್ಯಾರಿಟೈಮ್ ಅಸೋಸಿಯೇಷನ್ ಎಂಬ ಕೂಟವೂ ಸೇರಿ ಒಂದು ಕ್ಷೇಮನಿಧಿಯನ್ನು ನಡೆಸುತ್ತಿದ್ದವು. ನಿಧಿಯಲ್ಲಿ ಹಣ ಮಿಕ್ಕಿತು. ಅದನ್ನು ಯಾವುದಕ್ಕೆ ಬಳಸಬೇಕೆಂಬ ವಿಚಾರ ಬಂದಾಗ, ಸದಸ್ಯರ ಮಕ್ಕಳ ಹಲ್ಲಿಗೆ ಬಳಸತಕ್ಕದ್ದೆಂದು ನಿಶ್ಚಯವಾಯಿತು.

ತಮ್ಮ ಹಲ್ಲಿಗಲ್ಲ, ಮಕ್ಕಳ ಹಲ್ಲಿಗೆ ಎಂಬುದು ಇಲ್ಲಿ ಗಮನಿಸಬೇಕಾದ ಮಾತು. ನಡುವಯಸ್ಸಿನ ಕೂಲಿಗಾರನ ಬಾಯಿಯಲ್ಲಿ ಹಲವು ವರ್ಷಗಳ ಉಪೇಕ್ಷೆ ಕೂಡಿಬಿದ್ದಿರುತ್ತದೆ. ಅದನ್ನೆಲ್ಲ ತೀರಿಸಹೊರಟರೆ ನಿಧಿ ಬರಿದಾಗುತ್ತದೆ. ಮಕ್ಕಳಲ್ಲಾದರೋ ಸಣ್ಣ ತೂತು ಸಣ್ಣದಾಗಿರುವಾಗಲೇ ಮುಚ್ಚಬಹುದು. ನಿಧಿಯವರು ವಾಷಿಂಗ್ಟನ್, ಆರೆಗಾನ್, ಕ್ಯಾಲಿಫೋರ್ನಿಯ ಸಂಸ್ಥಾನಗಳ ದಂತವೈದ್ಯ ಸಂಘಗಳನ್ನು ಕಂಡು, ಇಂಥ ಸೇವೆಯನ್ನು ನಿಗದಿಯಾದ ದರದಲ್ಲಿ ಒದಗಿಸುವಿರಾ ಎಂದು ಕೇಳಿದರು. ಲಾಸ್ ಏಂಜಲಿಸ್ ಬಂದರಿನ ಬಳಿ ಮ್ಯಾಕ್ಸ್ ಶೋಯನ್ ಎಂಬ ದಂತವೈದ್ಯನು ಹಲವರು ಕೂಡಿ ನಡೆಸುವ ಚಿಕಿತ್ಸಾಲಯವನ್ನು ತೆರೆದು, ತಲೆಗಿಷ್ಟೆಂಬ ಲೆಕ್ಕದಲ್ಲಿ ಹಣ ಪಡೆದು, ಈ ಮಕ್ಕಳನ್ನು ನೋಡತೊಡಗಿದನು. ವೃತ್ತಿಸಂಘಗಳಿಗೆ ಇದು ಹಿಡಿಸಲಿಲ್ಲ. ಗೊತ್ತಾದ ಕೆಲವರಲ್ಲಿಗೇ ರೋಗಿ ಹೋಗತಕ್ಕದ್ದೆಂಬ ವ್ಯವಸ್ಥೆ ಬೆಳೆದರೆ ತಮ್ಮ ಸ್ವಾತಂತ್ರ್ಯಕ್ಕೆ ಕುಂದೆಂದು ಅವರು ಭಾವಿಸಿ, ಒಪ್ಪಿಗೆಯಿತ್ತ ಯಾವ ದಂತವೈದ್ಯನಾದರೂ ಸೇವೆ ಸಲ್ಲಿಸಬಹುದಾದ ದಂತಸೇವಾ ನಿಗಮಗಳನ್ನು ತಾವೇ ಕಟ್ಟಿದರು. 1954 ಮತ್ತು 1955ರಲ್ಲಿ ಆ ಮೂರು ಸಂಸ್ಥಾನಗಳಲ್ಲಿ ಹೀಗೆ ಹುಟ್ಟಿದ ಲಾಭೋದ್ದೇಶವಿಲ್ಲದ ನಿಗಮಗಳೇ, 1966ರಲ್ಲಿ ರಾಷ್ಟ್ರೀಯ ಒಕ್ಕೂಟವನ್ನು ಮಾಡಿಕೊಂಡು, ಡೆಲ್ಟಾ ಡೆಂಟಲ್ ಎಂಬ ಈಗಿನ ಪ್ರಸಿದ್ಧ ನಾಮಧೇಯವನ್ನು ತಳೆದವು.

ಈ ಮೂಲರೂಪವನ್ನು ವಿಮೆಯೆಂದು ಕರೆಯುವುದು ಯುಕ್ತವೇ? ನಮ್ಮ ಅಭಿಪ್ರಾಯದಲ್ಲಿ ಅಲ್ಲ. ಇಲ್ಲಿ ಅನಿರೀಕ್ಷಿತ ನಷ್ಟವನ್ನು ಹಂಚಿಕೊಳ್ಳುವ ಮಾತಿರಲಿಲ್ಲ. ಎಲ್ಲ ಮಕ್ಕಳಿಗೂ ಚಿಕಿತ್ಸೆ ಬೇಕೆಂಬುದು ಮೊದಲೇ ಗೊತ್ತಿದ್ದಿತು. ಇದು ಕೂಲಿಯ ಒಂದು ಭಾಗವನ್ನು ತೆಗೆದಿರಿಸಿ, ಸಗಟಿನಲ್ಲಿ ದರ ಕುದುರಿಸಿ, ಚಿಕಿತ್ಸೆಯನ್ನು ಕೊಂಡುಕೊಳ್ಳುವ ವ್ಯವಸ್ಥೆ. ಆದರೆ ಅದಕ್ಕೆ ಎರಡು ಗುಣಗಳಿದ್ದವು. ಗುಂಪು ಇಡಿಯಾಗಿ ಸೇರುತ್ತಿದ್ದುದರಿಂದ ಹಲ್ಲು ಕೆಟ್ಟವರು ಮಾತ್ರ ಬಂದು ಸೇರುವ ಅಪಾಯವಿರಲಿಲ್ಲ. ಹಣ ಮುಂಚಿತವಾಗಿಯೇ ಸಂದಿರುತ್ತಿದ್ದುದರಿಂದ, ಮಗುವನ್ನು ಕುರ್ಚಿಯಲ್ಲಿ ಕೂರಿಸುವಾಗ ತಂದೆ ಜೇಬು ಮುಟ್ಟಿ ನೋಡಿಕೊಳ್ಳಬೇಕಾಗಿರಲಿಲ್ಲ.

ಇಪ್ಪತ್ತು ವರ್ಷಗಳೊಳಗೆ ಈ ಏರ್ಪಾಡು ದೇಶದ ದೊಡ್ಡ ಕೈಗಾರಿಕೆಗಳಿಗೆ ಹಬ್ಬಿತು. 1973ರಲ್ಲಿ ಮೋಟಾರು ಕಾರ್ಖಾನೆಗಳ ಕಾರ್ಮಿಕ ಸಂಘವು ದಂತಚಿಕಿತ್ಸೆಯನ್ನು ಒಪ್ಪಂದದಲ್ಲಿ ಸೇರಿಸಿಕೊಂಡ ಮೇಲೆ ಖಾಸಗಿ ವಿಮಾ ಕಂಪೆನಿಗಳು ಹೆಚ್ಚು ಹೆಚ್ಚಾಗಿ ಈ ಕ್ಷೇತ್ರಕ್ಕಿಳಿದವು. ವಿಮಾಗಣಿತಜ್ಞರ ಎದುರಿಗೆ ಆಗ ಹಳೆಯ ತೊಡಕೇ ಬಂದು ನಿಂತಿತು: ಎಲ್ಲರಿಗೂ ಬರುವ ನಷ್ಟವನ್ನು ಭರಿಸುವ ಬಗೆ ಹೇಗೆ? ಅವರು ಕಂಡುಕೊಂಡ ಉಪಾಯವು ವಿಮೆಯನ್ನು ತಲೆಕೆಳಗು ಮಾಡಿ ನಿಲ್ಲಿಸಿದಂತಿದೆ. ಸಾಮಾನ್ಯವಾದ ವಿಮೆಯಲ್ಲಿ ಸಣ್ಣ ನಷ್ಟವನ್ನು ವಿಮೆದಾರನು ಹೊತ್ತುಕೊಳ್ಳುತ್ತಾನೆ, ದೊಡ್ಡ ನಷ್ಟವನ್ನು ಕಂಪೆನಿ ಹೊರುತ್ತದೆ. ದಂತವಿಮೆಯಲ್ಲಾದರೋ ತಪಾಸಣೆ ಮತ್ತು ಶುದ್ಧೀಕರಣಗಳ ವೆಚ್ಚವನ್ನು ಪೂರ್ತಿಯಾಗಿಯೂ, ಹುಳುಕು ತುಂಬುವುದರಲ್ಲಿ ಶೇಕಡಾ 80ನ್ನೂ, ಹಲ್ಲಿನ ಕಿರೀಟ ಸೇತುವೆ ಮುಂತಾದ ದೊಡ್ಡ ಕೆಲಸಗಳಲ್ಲಿ ಶೇಕಡಾ 50ನ್ನೂ ಕಂಪೆನಿ ಕೊಡುವುದು ವಾಡಿಕೆಯಾಯಿತು. ಇದೆಲ್ಲವೂ ವರ್ಷಕ್ಕೆ ಒಂದು ಗೊತ್ತಾದ ಗರಿಷ್ಠ ಮಿತಿಯವರೆಗೆ ಮಾತ್ರ. ಮಿತಿ ಮುಟ್ಟಿದ ಮೇಲೆ ಬರುವ ಸಮಸ್ತ ವೆಚ್ಚವೂ ರೋಗಿಯದೇ. ಕಷ್ಟ ದೊಡ್ಡದಾದಷ್ಟೂ ಆಸರೆ ಚಿಕ್ಕದಾಗುವ ಈ ವಿಚಿತ್ರವನ್ನು ವಿಮೆಯೆಂದು ಕರೆಯುವ ರೂಢಿ ಮಾತ್ರ ಉಳಿದುಬಂದಿತು.

ಆ ಮಿತಿಯ ಚರಿತ್ರೆಯಂತೂ ಕುತೂಹಲಕರವಾದುದು. 1970ರ ದಶಕದಲ್ಲಿ ಅದು ಸಾಧಾರಣವಾಗಿ 1,000 ಡಾಲರುಗಳಷ್ಟಿದ್ದಿತು. ಈಗಲೂ ಬಹುಪಾಲು ಯೋಜನೆಗಳಲ್ಲಿ ಅದು 1,000ದಿಂದ 2,000 ಡಾಲರುಗಳ ನಡುವೆಯೇ ಇದೆ. 1975ರಿಂದ ಈಚೆಗೆ ಆ ದೇಶದಲ್ಲಿ ಪದಾರ್ಥಗಳ ಸಾಮಾನ್ಯ ಬೆಲೆ ಐದು ಪಟ್ಟಿಗಿಂತಲೂ ಹೆಚ್ಚಾಗಿದೆ. ಹೆಸರಿಗೆ ಅದೇ ಸಾವಿರ. ಬೆಲೆಯಲ್ಲಿ ಇನ್ನೂರರ ಸುಮಾರು. ಯಾರೂ ಕಡಿತ ಮಾಡಲಿಲ್ಲ, ಯಾವ ಠರಾವೂ ಆಗಲಿಲ್ಲ; ಕಾಲವೇ ಅದನ್ನು ಸವೆಸಿತು.

ಅರ್ಥಶಾಸ್ತ್ರಜ್ಞರು ಈ ವಿಷಯದಲ್ಲಿ ಮೌನವಾಗಿರಲಿಲ್ಲ. ರೋಗದ ಅನಿಶ್ಚಿತತೆಯೇ ಆರೋಗ್ಯ ವಿಮೆಗೆ ಆಧಾರವೆಂದು ಕೆನೆತ್ ಆ್ಯರೋ 1963ರಲ್ಲಿ ಪ್ರತಿಪಾದಿಸಿದ ಸಿದ್ಧಾಂತದ ದೃಷ್ಟಿಯಿಂದ ನೋಡಿದರೆ, ಹಲ್ಲು ಅದರ ಅಂಚಿನಲ್ಲಿ ನಿಲ್ಲುತ್ತದೆ. 1974ರಿಂದ 1982ರವರೆಗೆ ರ‍್ಯಾಂಡ್ ಸಂಸ್ಥೆಯವರು ನಡೆಸಿದ ಪ್ರಸಿದ್ಧ ಪ್ರಯೋಗದಲ್ಲಿ ಕುಟುಂಬಗಳನ್ನು ಚೀಟಿ ಎತ್ತಿದಂತೆ ಬೇರೆ ಬೇರೆ ವಿಮಾಯೋಜನೆಗಳಿಗೆ ಹಂಚಿದ್ದರು. ದಂತಚಿಕಿತ್ಸೆ ಉಚಿತವಾಗಿ ದೊರೆತವರು ಹೆಚ್ಚು ಚಿಕಿತ್ಸೆಯನ್ನು ಪಡೆದರು; ಆ ಹೆಚ್ಚಳ ಮೊದಲ ವರ್ಷದಲ್ಲಿ ವಿಶೇಷವಾಗಿದ್ದು ಅನಂತರ ಇಳಿಯಿತು. ಇಂಗ್ಲೆಂಡಿನ ಅನುಭವವೂ ಇದಕ್ಕೆ ಸಾಕ್ಷಿ. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಪ್ರಾರಂಭವಾದಾಗ ಕಟ್ಟುಹಲ್ಲುಗಳಿಗಾಗಿ ನುಗ್ಗಿಬಂದ ಜನಸಂದಣಿಯನ್ನು ಕಂಡು ಖಜಾನೆಯವರು ಬೆದರಿದರು. 1951ರಲ್ಲಿ ಹ್ಯೂ ಗೇಟ್ಸ್‌ಕೆಲ್ ಕಟ್ಟುಹಲ್ಲು ಮತ್ತು ಕನ್ನಡಕಗಳಿಗೆ ಶುಲ್ಕ ವಿಧಿಸಿದನು. ಸೇವೆಯ ನಿರ್ಮಾತೃವಾದ ಅನ್ಯೂರಿನ್ ಬೆವನ್ ಪದತ್ಯಾಗ ಮಾಡಿದನು. ಒಂದು ಮಂತ್ರಿಮಂಡಲವು ಹಲ್ಲಿನ ಸೆಟ್ಟಿನ ಕಾರಣದಿಂದ ಬಿರುಕುಬಿಟ್ಟದ್ದು ಚರಿತ್ರೆಯಲ್ಲಿ ಇನ್ನೆಲ್ಲಿಯಾದರೂ ಉಂಟೋ ಇಲ್ಲವೋ! ವಿನೋದವಿರಲಿ. ಖಜಾನೆಯವರು ಅತಿಬಳಕೆಯೆಂದು ಭಾವಿಸಿದುದು ಬಹುಮಟ್ಟಿಗೆ ದಶಕಗಳ ಬಾಕಿಯಾಗಿದ್ದಿತೆಂಬುದು ನಮ್ಮ ಮತ.

ಇನ್ನು ರಿಯಾಯಿತಿ ಯೋಜನೆಯ ವಿಚಾರ. ಚಂದಾದಾರನು ಕಂಪೆನಿಗೆ ವಾರ್ಷಿಕ ಶುಲ್ಕವನ್ನು ಕೊಡುತ್ತಾನೆ. ಕಂಪೆನಿಯು ತನ್ನ ಪಟ್ಟಿಯಲ್ಲಿರುವ ದಂತವೈದ್ಯರ ಹೆಸರುಗಳನ್ನೂ, ಅವರು ಒಪ್ಪಿರುವ ಇಳಿದರಗಳನ್ನೂ ಅವನಿಗೆ ಕೊಡುತ್ತದೆ. ಚಿಕಿತ್ಸೆಯ ಹಣವನ್ನು ಆತನು ವೈದ್ಯನಿಗೆ ನೇರವಾಗಿ ಸ್ಥಳದಲ್ಲಿಯೇ ತೆರುತ್ತಾನೆ. ಕಂಪೆನಿಯು ವೈದ್ಯನಿಗೆ ಒಂದು ಸೆಂಟನ್ನೂ ಕೊಡುವುದಿಲ್ಲ. ಟೆಕ್ಸಾಸಿನಲ್ಲಿ 1979ರಲ್ಲಿ ಸ್ಥಾಪಿತವಾದ ಕೇರಿಂಗ್ಟನ್ ಈ ವ್ಯವಹಾರದ ಹಳೆಯ ಸಂಸ್ಥೆಗಳಲ್ಲೊಂದು. ಆದರೂ ಇದರ ತಿರುಳು ವಿಮೆಗಿಂತ ಹಳೆಯದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ಸೋದರಸಂಘಗಳು ತಮ್ಮ ಸದಸ್ಯರಿಗಾಗಿ ವೈದ್ಯನೊಬ್ಬನನ್ನು ಕಡಮೆ ದರಕ್ಕೆ ಗೊತ್ತುಮಾಡಿಕೊಳ್ಳುತ್ತಿದ್ದವು. ವೈದ್ಯಸಂಘಗಳು ಅದನ್ನು ಹೀನಾಯವೆಂದು ಖಂಡಿಸಿ ಅಡಗಿಸಿದವು. ದಂತವೈದ್ಯರು ಈಗ ಒಪ್ಪುವುದಕ್ಕೆ ಕಾರಣ ಸ್ಪಷ್ಟವಾಗಿದೆ. ಕಟ್ಟಡದ ಬಾಡಿಗೆ, ಯಂತ್ರಗಳು, ಸಹಾಯಕರ ಸಂಬಳ ಇವು ರೋಗಿ ಬಂದರೂ ಬಾರದಿದ್ದರೂ ನಿಲ್ಲುವುದಿಲ್ಲ. ಖಾಲಿ ಬಿದ್ದ ಕುರ್ಚಿಗಿಂತ ಮೂರರಲ್ಲಿ ಎರಡು ಪಾಲು ಕೊಡುವ ರೋಗಿ ಮೇಲು; ವಿಮಾ ಕಂಪೆನಿಗೆ ಅರ್ಜಿ ಬರೆದು ಕಾಯುವ ಗೋಳೂ ಇಲ್ಲ.

ನಷ್ಟಭಾರವನ್ನು ಹೊರದ ಕಾರಣ ರಿಯಾಯಿತಿ ಯೋಜನೆಗೆ ಷರತ್ತುಗಳೂ ಬೇಕಿಲ್ಲ. ಒಂಟಿ ಗಿರಾಕಿಗೆ ವಿಮೆಯನ್ನು ಮಾರುವ ಕಂಪೆನಿ, ಹಲ್ಲು ನೋಯಲಾರಂಭಿಸಿದ ಮೇಲೆಯೇ ಆತ ಬಂದಿದ್ದಾನೆಂದು ಸಂಶಯಪಡುತ್ತದೆ. ಆ ಸಂಶಯ ಅಕಾರಣವಲ್ಲ. ಆದಕಾರಣ ದೊಡ್ಡ ಕೆಲಸಗಳಿಗೆ ಆರು ತಿಂಗಳು ಅಥವಾ ಒಂದು ವರ್ಷ ಕಾಯಬೇಕೆಂದೂ, ವಿಮೆಗೆ ಮುಂಚೆ ಬಿದ್ದುಹೋದ ಹಲ್ಲಿನ ಸ್ಥಾನದಲ್ಲಿ ಹೊಸದನ್ನು ಕಟ್ಟಿಸಲು ಹಣ ಕೊಡೆವೆಂದೂ ಅದು ಕರಾರು ಮಾಡುತ್ತದೆ. ಬಂದರಿನ ಕೂಲಿಗಾರರ ಯೋಜನೆಯಲ್ಲಿ ಗುಂಪಿನ ಬಲವು ಈ ಕೆಲಸವನ್ನು ಮಾಡುತ್ತಿದ್ದಿತು. ಗುಂಪು ಕಳಚಿಬಿದ್ದಲ್ಲಿ ಕರಾರುಗಳು ಬಂದು ಕುಳಿತವು. ರಿಯಾಯಿತಿ ಪತ್ರವಾದರೋ ಕೆಲವೇ ದಿನಗಳಲ್ಲಿ ಜಾರಿಗೆ ಬರುತ್ತದೆ, ಹಳೆಯ ರೋಗವನ್ನು ವಿಚಾರಿಸುವುದಿಲ್ಲ, ಮಿತಿಯನ್ನೂ ಹಾಕುವುದಿಲ್ಲ. ಆದರೆ ಯಾವ ಬೆಲೆಯ ಮೇಲೆ ರಿಯಾಯಿತಿ ಎಂಬುದೇ ಅಲ್ಲಿಯ ಕಷ್ಟ. ದಂತವೈದ್ಯನ ಪೂರ್ಣ ದರ ಬಾಗಿಲ ಮೇಲೆ ಬರೆದಿರುವುದಿಲ್ಲ. ಏರಿಸಿ ಇಳಿಸಿದ ಬೆಲೆ ಇಳಿದ ಬೆಲೆಯಲ್ಲ. ಇದೇ ವಿಮೆಯೆಂದು ಜನರನ್ನು ನಂಬಿಸಿ ಮಾರಿದವರೂ ಇದ್ದರು. ಫ್ಲಾರಿಡ ಸಂಸ್ಥಾನವು 2004ರಲ್ಲಿ ಇಂಥ ಸಂಸ್ಥೆಗಳಿಗೆ ಪರವಾನಗಿಯನ್ನು ಕಡ್ಡಾಯಮಾಡಿ ಕಾನೂನು ರಚಿಸಿತು. ತರುವಾಯ ಸಂಸ್ಥಾನಗಳ ವಿಮಾಧಿಕಾರಿಗಳ ಸಂಘವು ಮಾದರಿ ಶಾಸನವೊಂದನ್ನು ಸಿದ್ಧಪಡಿಸಿ, ಇದು ವಿಮೆಯಲ್ಲವೆಂದು ಎದ್ದು ಕಾಣುವಂತೆ ಅಚ್ಚುಹಾಕಬೇಕೆಂದೂ, 30 ದಿನಗಳೊಳಗೆ ಬೇಡವೆಂದವರಿಗೆ ಚಂದಾವನ್ನು ಮರಳಿಸಬೇಕೆಂದೂ ವಿಧಿಸಿತು.

ಈಗ ಎರಡನ್ನೂ ತೂಗಿ ನೋಡೋಣ. ಕೆಳಗಿನ ಅಂಕಿಗಳು ದೃಷ್ಟಾಂತಕ್ಕಾಗಿ ನಾವು ಊಹಿಸಿಕೊಂಡವು; ಅಲ್ಲಿಯ ವಾಸ್ತವಸ್ಥಿತಿಗೆ ತೀರ ದೂರವಾದವಲ್ಲ. ಧಣಿಯ ನೆರವಿಲ್ಲದ ಒಬ್ಬನು ತಿಂಗಳಿಗೆ 35 ಡಾಲರಿನಂತೆ ವರ್ಷಕ್ಕೆ 420 ಡಾಲರು ವಿಮಾಕಂತು ಕಟ್ಟುತ್ತಾನೆಂದೂ, ತಪಾಸಣೆ ಬಿಟ್ಟು ಉಳಿದ ಚಿಕಿತ್ಸೆಯಲ್ಲಿ ಮೊದಲ 50 ಡಾಲರು ಅವನದೇ ಎಂದೂ, ದೊಡ್ಡ ಕೆಲಸಗಳಿಗೆ ಅರ್ಧಪಾಲೆಂದೂ, ವಾರ್ಷಿಕ ಮಿತಿ 1,500 ಎಂದೂ ಇಟ್ಟುಕೊಳ್ಳೋಣ. ರಿಯಾಯಿತಿ ಪತ್ರದ ಚಂದಾ 150 ಡಾಲರು. ವಿಮಾ ಕಂಪೆನಿಯೂ ತನ್ನ ಪಟ್ಟಿಯ ವೈದ್ಯರೊಡನೆ ದರ ಕುದುರಿಸಿರುತ್ತದೆಂಬುದನ್ನು ಮರೆಯಲಾಗದು. ಆದ್ದರಿಂದ ಎರಡರಲ್ಲಿಯೂ ದರವು ಶೇಕಡಾ 30 ಕಡಮೆಯೆಂದೇ ಹಿಡಿಯೋಣ.

ಹಲ್ಲು ಗಟ್ಟಿಯಾಗಿದ್ದು, ವರ್ಷಕ್ಕೆ ಎರಡು ಬಾರಿ ತಪಾಸಣೆ ಮತ್ತು ಶುದ್ಧೀಕರಣ ಮಾತ್ರ ಬೇಕಾದವನಿಗೆ ಪೂರ್ಣ ದರದಲ್ಲಿ 400 ಡಾಲರು ತಗಲುತ್ತದೆಂದರೆ, ವಿಮೆಯುಳ್ಳವನು 420ನ್ನೂ, ಪತ್ರವುಳ್ಳವನು 430ನ್ನೂ, ಎರಡೂ ಇಲ್ಲದವನು 400ನ್ನೂ ತೆರುತ್ತಾನೆ. ಇಲ್ಲಿ ಚರ್ಚೆಗೆ ವಿಷಯವೇ ಇಲ್ಲ. ಅದೇ ವರ್ಷ ಒಂದು ಹಲ್ಲಿಗೆ ಬೇರುನಾಳದ ಚಿಕಿತ್ಸೆಯಾಗಿ ಮೇಲೆ ಕಿರೀಟ ಕೂರಿಸಬೇಕಾಗಿ ಬಂದು 2,800 ಡಾಲರು ಸೇರಿತೆನ್ನೋಣ. ಎರಡೂ ಇಲ್ಲದವನಿಗೆ 3,200, ಪತ್ರವುಳ್ಳವನಿಗೆ 2,390, ವಿಮೆಯುಳ್ಳವನಿಗೆ 1,425. ವಿಮೆ ಗೆದ್ದಿತು. ಆದರೆ ಇದೇ ಕಷ್ಟ ವಿಮೆ ಮಾಡಿಸಿದ ಮೊದಲ ವರ್ಷದಲ್ಲಿ, ಕಾಯುವ ಅವಧಿಯೊಳಗೆ ಬಂದರೆ? ಆಗ ವಿಮೆಯುಳ್ಳವನು 2,380 ತೆರುತ್ತಾನೆ. ಪತ್ರಕ್ಕೂ ವಿಮೆಗೂ ಇರುವ ಅಂತರ 10 ಡಾಲರು.

ಮೂರನೆಯ ಪ್ರಸಂಗವೇ ನಮ್ಮ ವಾದಕ್ಕೆ ಮುಖ್ಯವಾದುದು. ಹಲವು ಹಲ್ಲುಗಳು ಒಟ್ಟಿಗೆ ಕೆಟ್ಟು 10,000 ಡಾಲರುಗಳ ಕೆಲಸ ಬಿದ್ದಿತೆಂದೂ, ಕಾಯುವ ಅವಧಿ ಕಳೆದಿದೆಯೆಂದೂ, ಮಿತಿ ದಾಟಿದ ಮೇಲೆಯೂ ಇಳಿದರ ಸಿಕ್ಕಿತೆಂದೂ ಭಾವಿಸೋಣ. ತಪಾಸಣೆ ಸೇರಿ ಎರಡೂ ಇಲ್ಲದವನಿಗೆ 10,400, ಪತ್ರವುಳ್ಳವನಿಗೆ 7,430, ವಿಮೆಯುಳ್ಳವನಿಗೆ 6,200. ವಿಮೆಯಿಂದ ಉಳಿದ 4,200 ಡಾಲರುಗಳನ್ನು ಬಿಡಿಸಿ ನೋಡಿದರೆ, 3,120 ಡಾಲರು ಬಂದದ್ದು ಕುದುರಿಸಿದ ದರದಿಂದ; ಕಂಪೆನಿಯು ತನ್ನ ಪೆಟ್ಟಿಗೆಯಿಂದ ಕೊಟ್ಟದ್ದು 1,500, ಅದರಲ್ಲಿ ಕಂತಾಗಿ ಪಡೆದ 420 ಕಳೆದರೆ 1,080. ವಿಮೆಯ ಹೊಟ್ಟೆಯೊಳಗೆ ಮೂರು ಪಾಲು ರಿಯಾಯಿತಿ, ಒಂದು ಪಾಲು ವಿಮೆ! ಆ ಮೂರು ಪಾಲೂ ಸ್ಥಿರವಲ್ಲ. 2009ರಿಂದೀಚೆಗೆ ಅನೇಕ ಸಂಸ್ಥಾನಗಳು, ಕಂಪೆನಿಯು ತಾನು ಹಣ ಕೊಡದ ಚಿಕಿತ್ಸೆಗಳ ದರವನ್ನು ಗೊತ್ತುಮಾಡಕೂಡದೆಂದು ದಂತವೈದ್ಯರ ಬೇಡಿಕೆಯಂತೆ ಕಾನೂನು ಮಾಡಿವೆ. ಮಿತಿ ದಾಟಿದ ಚಿಕಿತ್ಸೆ ಆ ಮಾತಿನಲ್ಲಿ ಸೇರುವುದೋ ಇಲ್ಲವೋ ಎಂಬುದು ಸಂಸ್ಥಾನದಿಂದ ಸಂಸ್ಥಾನಕ್ಕೆ ಬೇರೆಯಾಗುತ್ತದೆ. ಯಾವ ದಾರಿ ಹಿಡಿದರೂ ಹತ್ತು ಸಾವಿರದ ಕಷ್ಟದಲ್ಲಿ ಆರು ಏಳು ಸಾವಿರವನ್ನು ಹೊರುವವನು ರೋಗಿಯೇ. ದೊಡ್ಡ ನಷ್ಟವನ್ನು ಇವೆರಡರಲ್ಲಿ ಯಾವುದೂ ಹೊರುವುದಿಲ್ಲ.

ಧಣಿಯು ಕಂತಿನ ಬಹುಭಾಗವನ್ನು ತೆತ್ತರೆ ಲೆಕ್ಕ ಬೇರೆ. ಅಂಥವನಿಗೆ ವಿಮೆಯನ್ನು ಬಿಡೆಂದು ಯಾರೂ ಹೇಳಲಾರರು. ಕೆಲಸ ಬಿಟ್ಟವರಿಗೆ, ಸ್ವಂತ ದುಡಿಮೆಯವರಿಗೆ, ವೃದ್ಧರಿಗೆ ಮಾತ್ರ ಈ ತೂಗಾಟ. ವೃದ್ಧರ ಪಾಡಿಗೆ ಕಾರಣ 1965ರ ಶಾಸನ. ಆ ವರ್ಷ ಜುಲೈ 30ರಂದು ಅಂಗೀಕೃತವಾದ ಮೆಡಿಕೇರ್, 65 ವರ್ಷ ದಾಟಿದವರ ಆಸ್ಪತ್ರೆ ಮತ್ತು ವೈದ್ಯರ ವೆಚ್ಚವನ್ನು ವಹಿಸಿಕೊಂಡರೂ, ಹಲ್ಲನ್ನು ತುಂಬುವ, ಕೀಳುವ, ಬದಲಿಸುವ ಚಿಕಿತ್ಸೆಯನ್ನು ಮಾತು ಮಾತಾಗಿ ಹೆಸರಿಸಿ ಹೊರಗಿಟ್ಟಿತು. 2019ರಲ್ಲಿಯೂ ಮೆಡಿಕೇರ್ ಪಡೆಯುವವರಲ್ಲಿ ಅರ್ಧಕ್ಕೆ ಸಮೀಪದ ಜನರಿಗೆ ದಂತಚಿಕಿತ್ಸೆಯ ಯಾವ ಏರ್ಪಾಡೂ ಇರಲಿಲ್ಲ. 2021ರಲ್ಲಿ ಅದನ್ನು ಸೇರಿಸಲು ನಡೆದ ಪ್ರಯತ್ನ ಫಲಿಸಲಿಲ್ಲ. 2010ರ ಆರೋಗ್ಯ ಶಾಸನವು ಮಕ್ಕಳ ದಂತಚಿಕಿತ್ಸೆಯನ್ನು ಅವಶ್ಯ ಸೇವೆಗಳಲ್ಲಿ ಸೇರಿಸಿ, ಅದಕ್ಕೆ ವಾರ್ಷಿಕ ಮಿತಿ ಕೂಡದೆಂದು ವಿಧಿಸಿತು. ಬಂದರಿನ ಕೂಲಿಗಾರರು 1954ರಲ್ಲಿ ಆರಿಸಿಕೊಂಡ ವಯಸ್ಸನ್ನೇ ಶಾಸನವೂ ಆರಿಸಿಕೊಂಡಿತೆನ್ನಬಹುದು. ವಯಸ್ಕರನ್ನು ಅದು ಹಿಂದಿನಂತೆಯೇ ಬಿಟ್ಟಿತು.

ಪಟ್ಟಿಯಲ್ಲಿ ಹೆಸರಿರುವುದು ಬೇರೆ, ಕುರ್ಚಿ ಸಿಕ್ಕುವುದು ಬೇರೆ. 2007ರಲ್ಲಿ ಮೇರಿಲ್ಯಾಂಡ್ ಸಂಸ್ಥಾನದಲ್ಲಿ 12 ವರ್ಷದ ಬಾಲಕನೊಬ್ಬನು ಹಲ್ಲಿನ ಕೀವು ಮೆದುಳಿಗೇರಿ ಮರಣಹೊಂದಿದನು. ಬಡವರಿಗಾಗಿ ಇರುವ ಮೆಡಿಕೇಡ್ ಎಂಬ ಸರ್ಕಾರಿ ಸಹಾಯ ಆ ಕುಟುಂಬಕ್ಕೆ ನಿಂತುಹೋಗಿದ್ದಿತು. ಅದಿದ್ದಾಗಲೂ ಆ ಸಹಾಯವನ್ನು ಒಪ್ಪುವ ದಂತವೈದ್ಯರು ದೊರೆಯುವುದು ದುರ್ಲಭವಾಗಿದ್ದಿತು. 80 ಡಾಲರುಗಳಲ್ಲಿ ಹಲ್ಲನ್ನು ಕೀಳಿಸಿದ್ದರೆ ಆತ ಉಳಿಯಬಹುದಾಗಿತ್ತೆಂದು ಆಗ ಪತ್ರಿಕೆಗಳು ಬರೆದವು. ಆಸ್ಪತ್ರೆಯಲ್ಲಿ ಆದ ವೆಚ್ಚ ಎರಡೂವರೆ ಲಕ್ಷ ಡಾಲರುಗಳಷ್ಟು. ಬಾಲ್ಟಿಮೋರಿನ ಮೊದಲ ದಂತವೈದ್ಯ ಕಾಲೇಜು ಇರುವುದೂ ಅದೇ ಸಂಸ್ಥಾನದಲ್ಲಿ. ವಿಮೆಯೋ ರಿಯಾಯಿತಿಯೋ ಎಂಬ ಲೆಕ್ಕವನ್ನು ಮಾಡುವಾಗ ನಮ್ಮ ಲೇಖನಿ ಇಲ್ಲಿ ಸ್ವಲ್ಪ ತಡೆಯಿತು. 420, 150 ಎಂಬ ಅಂಕಿಗಳು ಅವುಗಳನ್ನು ತೆರಬಲ್ಲವರ ಅಂಕಿಗಳು.

ದಂತವಿಮೆಯ ಮೌಲ್ಯವನ್ನು ಸಾರ್ವಜನಿಕವಾಗಿಯೇ ತೂಗಿ ನೋಡಿದ ಪ್ರಸಂಗವೊಂದು ಇತ್ತೀಚೆಗೆ ನಡೆಯಿತು. ವೈದ್ಯಕೀಯ ವಿಮೆಯ ಕಂಪೆನಿಗಳು ಕಂತಿನ ಹಣದಲ್ಲಿ ಶೇಕಡಾ 80 ಅಥವಾ 85ನ್ನು ಚಿಕಿತ್ಸೆಗೇ ವ್ಯಯಮಾಡತಕ್ಕದ್ದೆಂದು 2010ರ ಶಾಸನ ವಿಧಿಸಿದ್ದಿತು. ಪ್ರತ್ಯೇಕ ದಂತವಿಮೆಗೆ ಆ ನಿಯಮ ಅನ್ವಯಿಸಿರಲಿಲ್ಲ. 2022ರ ನವೆಂಬರ್ 8ರಂದು ಮ್ಯಾಸಚೂಸೆಟ್ಸ್ ಸಂಸ್ಥಾನದ ಮತದಾರರು ದಂತವಿಮೆಗೂ ಶೇಕಡಾ 83ರ ನಿಯಮವನ್ನು ಭಾರೀ ಬಹುಮತದಿಂದ ವಿಧಿಸಿದರು. 2024ರ ಆದಿಯಿಂದ ಅದು ಜಾರಿಗೆ ಬಂದಿತು. ಅಷ್ಟನ್ನು ವ್ಯಯಮಾಡದ ಕಂಪೆನಿ ಉಳಿಕೆಯನ್ನು ವಿಮೆದಾರರಿಗೆ ಹಿಂದಕ್ಕೆ ಕೊಡಬೇಕು. ರಿಯಾಯಿತಿ ಪತ್ರಗಳಿಗೆ ಈ ಅಳತೆಗೋಲು ತಗಲುವುದಿಲ್ಲ. ಅವುಗಳ ಚಂದಾದಲ್ಲಿ ಚಿಕಿತ್ಸೆಗೆಂದು ವ್ಯಯವಾಗುವ ಪಾಲು ಸೊನ್ನೆಯೇ ಆಗಿರುವುದರಿಂದ ಅಳೆಯತಕ್ಕದ್ದು ಏನೂ ಇಲ್ಲ.